ಒಟ್ಟಿಗೆ ಬಾಳಿದ್ದೇ ತಪ್ಪೇ?

ಅಮೆರಿಕದ ಪ್ರಜೆಯಾದ ಹೆಣ್ಣುಮಗಳೊಬ್ಬಳು ಮದುವೆಯಾಗಿ ಗಂಡನ ಊರಿನಲ್ಲೇ ಸಂಸಾರ ಹೂಡಿದ್ದಾಳೆ ಎನ್ನೋಣ. ಅವನನ್ನು ತನ್ನ ದೇಶಕ್ಕೆ ಕರೆದೊಯ್ಯಲು ಅವಳ ಪಾಸ್‌ಪೋರ್ಟ್, ನಿಕಾಹ್‌ನಾಮಾ ಸಾಲದು. 1996ರ ಕಾನೂನಿನಂತೆ ಗಂಡನ ಜೀವನಾಧಾರಕ್ಕೆ ಮುಚ್ಚಳಿಕೆ ಬರೆದುಕೊಡಬೇಕು. ಬರೆದುಕೊಡುವವಳ ವಾಸ ಅಮೆರಿಕದಲ್ಲೇ ಇರಬೇಕು. ಇಲ್ಲವೇ, ಗಂಡ ಅಲ್ಲಿ ಕಾಲಿಡುವಷ್ಟರಲ್ಲಿ ತಾನೂ ನೆಲೆಸುವೆನೆಂಬುದಕ್ಕೆ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಮಕ್ಕಳ ಶಾಲಾ ದಾಖಲಾತಿಯಂಥ ಪುರಾವೆ ಒದಗಿಸಬೇಕು. ವೀಸಾ ಬರುವ ಮೊದಲೇ! ಪುರಾವೆ ಹೊಂದಿಸಲಾಗದವರು ಒಂಟಿಯಾಗಿ ಮುಂಚೆಯೇ ಹೊರಡುತ್ತಾರೆ.

ಸರ್ಕಾರಕ್ಕೆ ಹೊರೆಯಾಗಬಾರದೆಂಬುದು ನಮಗೂ ಒಪ್ಪಿಗೆ. ಅದಕ್ಕೆಂದೇ ಬಡತನದ ಮಿತಿಯ ಶೇಕಡ 125ರಷ್ಟು ಆದಾಯದ ಷರತ್ತಿದೆಯಲ್ಲ? ಮದುವೆ ಸಾಚಾ ಎನ್ನಲು ಒಂದೇ ಸೂರಿನಡಿ ಬಾಳಿದ್ದಕ್ಕೆ ಸಾಕ್ಷಿ ಕೇಳುವ ವ್ಯವಸ್ಥೆಯೇ, ಆ ಸೂರು ಹೊರದೇಶದಲ್ಲಿದೆಯೆಂದು ತಕರಾರು ತೆಗೆಯುತ್ತದೆ. ಕೂಡಿಸುವ ಹೆಸರಿನಲ್ಲಿ ಅಗಲಿಸುವುದನ್ನು ನಾವು ನ್ಯಾಯವೆನ್ನಲಾರೆವು.