ಅಣಬೆ ಪುಡಿಗೂ ಮೊದಲು ಅಲ್ಟ್ರಾಸೌಂಡ್

ನಾಯಿಯ ಕ್ಯಾನ್ಸರ್‌ಗೆ ಅಣಬೆ ಪುಡಿ ಮಾರುವವರ ಬಳಿ ಒಂದು ಸಂಖ್ಯೆ ಸದಾ ಸಿದ್ಧವಿರುತ್ತದೆ: 199. ಒಮಾನಿನ ಅಲ್ ಮಬೇಲಾದ ವಿಲ್ಲಾಗಳಲ್ಲಿ ಲ್ಯಾಬ್ರಡಾರನ್ನೋ ಜರ್ಮನ್ ಶೆಫರ್ಡನ್ನೋ ಸಾಕಿಕೊಂಡಿರುವ ಕನ್ನಡದ ಮನೆಗಳಿಗೂ ಅದು ವಾಟ್ಸ್‌ಆ್ಯಪ್ ಮೂಲಕ ಬಂದು ತಲುಪಿದೆ. ನಾಯಿಗೆ ಗಡ್ಡೆ ಎಂದು ತಿಳಿದ ದಿನ ಯಾರೋ ಒಬ್ಬರು ಲಿಂಕ್ ಕಳಿಸುತ್ತಾರೆ, ರಜೆಗೆ ಹೋದವರು ಬರುವಾಗ ಬ್ಯಾಗಿನಲ್ಲಿ ಡಬ್ಬಿ ತರುತ್ತಾರೆ. ಹಾಗಾಗಿ ಈ ಸಂಖ್ಯೆ ಎಲ್ಲಿಂದ ಬಂತು ಎಂದು ನೋಡುವುದು ಒಳ್ಳೆಯದು.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಕಾಲೇಜಿನ ಡೊರೊಥಿ ಸಿಮಿನೊ ಬ್ರೌನ್ ಮತ್ತು ಜೆನಿಫರ್ ರೀಟ್ಜ್ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹೆಮಾಂಜಿಯೋಸಾರ್ಕೋಮಾ, ಅಂದರೆ ರಕ್ತನಾಳಗಳ ಒಳಪದರದಲ್ಲಿ ಹುಟ್ಟುವ ಕ್ಯಾನ್ಸರ್, ಗುಲ್ಮಕ್ಕೆ ಬಂದ ನಾಯಿಗಳವು. ಗುಲ್ಮವನ್ನು ತೆಗೆದ ಮೇಲೆ ಅವುಗಳಿಗೆ ಟರ್ಕಿ ಟೈಲ್ ಎಂಬ ಅಣಬೆಯ ಸಾರ ಕೊಟ್ಟರು. ಅತಿ ಹೆಚ್ಚು ಪ್ರಮಾಣ ಪಡೆದ ಗುಂಪಿನ ಮಧ್ಯಾಂಕ ಆಯಸ್ಸು 199 ದಿನ. ಗುಲ್ಮ ತೆಗೆದು ಬೇರೇನೂ ಕೊಡದ ನಾಯಿಗಳಿಗೆ ಹಳೆಯ ದಾಖಲೆಗಳಲ್ಲಿ ಇದ್ದದ್ದು 86 ದಿನ. ಸುದ್ದಿ ಹಬ್ಬಲು ಇಷ್ಟು ಸಾಕಾಯಿತು.

ಅಧ್ಯಯನದಲ್ಲಿದ್ದ ನಾಯಿಗಳು ಒಟ್ಟು 15. ಅವನ್ನು ಮೂರು ಪ್ರಮಾಣಗಳಿಗೆ ಹಂಚಲಾಗಿತ್ತು. ಗುಂಪಿಗೆ ಐದೇ ನಾಯಿ ಎಂದಾಗ ಮಧ್ಯಾಂಕವೆಂದರೆ ಹೆಚ್ಚುಕಡಿಮೆ ನಡುವಿನ ಒಂದು ನಾಯಿಯ ಆಯಸ್ಸು. ಸಾರ ಕೊಡದೆ ಪಕ್ಕದಲ್ಲಿಟ್ಟು ಹೋಲಿಸಿದ ಗುಂಪು ಇರಲೇ ಇಲ್ಲ. ಮೂರು ಗುಂಪುಗಳ ಆಯಸ್ಸಿನ ನಡುವೆ ಸಂಖ್ಯಾಶಾಸ್ತ್ರ ಒಪ್ಪುವಂಥ ವ್ಯತ್ಯಾಸವೂ ಕಾಣಲಿಲ್ಲ. ಹೊಟ್ಟೆಯೊಳಗೆ ರೋಗ ಹರಡುವುದು ಮಾತ್ರ ಹೆಚ್ಚು ಪ್ರಮಾಣ ಪಡೆದವುಗಳಲ್ಲಿ ತಡವಾಯಿತು. ಇನ್ನಷ್ಟು ಹುಡುಕಿ ನೋಡಬೇಕು ಎನ್ನುವುದಕ್ಕೆ ಇದು ಒಳ್ಳೆಯ ಕಾರಣ. ಡಬ್ಬಿ ಕೊಳ್ಳುವುದಕ್ಕಲ್ಲ.

ಹುಡುಕಿದವರೂ ಅದೇ ವಿಶ್ವವಿದ್ಯಾಲಯದವರೇ. ಈ ಸಲ 101 ನಾಯಿಗಳು. ಒಂದು ಗುಂಪಿಗೆ ಅಣಬೆ ಸಾರ ಮಾತ್ರ, ಒಂದಕ್ಕೆ ಡಾಕ್ಸೊರುಬಿಸಿನ್ ಕೀಮೋ ಜೊತೆ ಹುಸಿ ಮಾತ್ರೆ, ಇನ್ನೊಂದಕ್ಕೆ ಕೀಮೋ ಮತ್ತು ಸಾರ ಎರಡೂ. 2022ರಲ್ಲಿ ಫಲಿತಾಂಶ ಬಂತು: ಸಾರದಿಂದ ಆಯಸ್ಸು ಹೆಚ್ಚಲಿಲ್ಲ, ಕೀಮೋ ಜೊತೆಗೆ ಸೇರಿಸಿದರೂ ಹೆಚ್ಚಲಿಲ್ಲ. ಹೆಣ್ಣು ನಾಯಿಗಳಲ್ಲಂತೂ ಸಾರವನ್ನಷ್ಟೇ ಪಡೆದವು ಕೀಮೋ ಪಡೆದವುಗಳಿಗಿಂತ ಬೇಗ ಸತ್ತವು. ಹತ್ತು ವರ್ಷ ಕಳೆದು, ಆರು ಪಟ್ಟಿಗಿಂತ ಹೆಚ್ಚು ನಾಯಿಗಳ ಮೇಲೆ ನಡೆದ ಪರೀಕ್ಷೆ ಇದು. ಆದರೂ ಮಾರಾಟದ ಮಾತಿನಲ್ಲಿ ಇಂದಿಗೂ ಓಡಾಡುತ್ತಿರುವುದು ಅದೇ ಹಳೆಯ 199.

ಅಣಬೆಯೆಂದರೆ ಬರೀ ಮೋಸ ಎಂದು ನಾನು ಹೇಳುತ್ತಿಲ್ಲ. ಇದೇ ಟರ್ಕಿ ಟೈಲ್‌ನಿಂದ ತೆಗೆದ ಪಿಎಸ್‌ಕೆ ಎಂಬ ಔಷಧಕ್ಕೆ ಜಪಾನ್ 1977ರಲ್ಲಿ ಮನುಷ್ಯರ ಕ್ಯಾನ್ಸರ್ ಚಿಕಿತ್ಸೆಗೆ ಅನುಮತಿ ಕೊಟ್ಟಿತ್ತು. ಅಣಬೆಯ ಬೀಟಾ ಗ್ಲುಕಾನ್‌ಗಳು ರೋಗನಿರೋಧಕ ಕಣಗಳನ್ನು ಕೆಣಕುತ್ತವೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಜಪಾನಿನ ವೈದ್ಯರು ಅದನ್ನು ಬಳಸಿದ್ದು ಶಸ್ತ್ರಚಿಕಿತ್ಸೆ ಮತ್ತು ಕೀಮೋ ಜೊತೆಗೆ, ಅವುಗಳ ಬದಲಿಗಲ್ಲ. ಅಡಿಕೆ ತೋಟದವರು ಅಣಬೆ ರೋಗವೆಂದು ಶಪಿಸುವ ಗ್ಯಾನೋಡರ್ಮಾ ಕುಲದ್ದೇ ಇನ್ನೊಂದು ಅಣಬೆ ರೀಶಿ ಎಂಬ ಹೆಸರಿನಲ್ಲಿ, ಚೈನ್ ಮಾರ್ಕೆಟಿಂಗ್‌ನವರ ಕೈಯಲ್ಲಿ ಸಕಲ ರೋಗಕ್ಕೂ ಮದ್ದಾಗಿ ಊರೂರು ಸುತ್ತುತ್ತಿದೆ. ಅದಕ್ಕೆ ರಕ್ತ ಹೆಪ್ಪುಗಟ್ಟುವುದನ್ನು ತುಸು ತಡೆಯುವ ಗುಣವಿದೆ ಎನ್ನುತ್ತಾರೆ. ಯಾವ ಗಳಿಗೆಯಲ್ಲಿ ಗಡ್ಡೆ ಒಡೆದು ರಕ್ತ ಸುರಿಯುವುದೋ ತಿಳಿಯದ ನಾಯಿಗೆ ಅದನ್ನು ವೈದ್ಯರನ್ನು ಕೇಳದೆ ಕೊಡುವುದು ಗಂಡಾಂತರವನ್ನು ಕರೆದು ಕೂರಿಸಿದಂತೆ.

ಲೆಕ್ಕವನ್ನೂ ನೋಡೋಣ. 2012ರ ಅಧ್ಯಯನದ ಹೆಚ್ಚಿನ ಪ್ರಮಾಣ ದಿನಕ್ಕೆ ಕಿಲೋ ತೂಕಕ್ಕೆ 100 ಮಿಲಿಗ್ರಾಂ. 30 ಕಿಲೋ ಲ್ಯಾಬ್ರಡಾರ್‌ಗೆ ಅದು 3 ಗ್ರಾಂ, ಅಂದರೆ 500 ಮಿಲಿಗ್ರಾಮಿನ ಆರು ಕ್ಯಾಪ್ಸೂಲ್. 60 ಕ್ಯಾಪ್ಸೂಲಿನ ಡಬ್ಬಿ ಹತ್ತು ದಿನಕ್ಕೆ ಖಾಲಿ. ಅದೂ ಶುದ್ಧೀಕರಿಸಿದ ಸಾರದ ಲೆಕ್ಕ. ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಪುಡಿಗಳು ಧಾನ್ಯದ ಮೇಲೆ ಬೆಳೆಸಿದ ಅಣಬೆಯ ಬೇರುಜಾಲವನ್ನು ಧಾನ್ಯದ ಸಮೇತ ಒಣಗಿಸಿ ಬೀಸಿದವು. ಲೇಬಲ್‌ನಲ್ಲಿ ‘ಪಾಲಿಸ್ಯಾಕರೈಡ್’ ಶೇಕಡಾವಾರು ದೊಡ್ಡದಾಗಿ ಬರೆದಿರುತ್ತದೆ. ಧಾನ್ಯದ ಪಿಷ್ಟವೂ ಪಾಲಿಸ್ಯಾಕರೈಡೇ. ಬೀಟಾ ಗ್ಲುಕಾನ್ ಎಷ್ಟಿದೆ ಎಂದು ಬರೆಯದ ಡಬ್ಬಿಯಲ್ಲಿ ನೀವು ಕೊಳ್ಳುವುದು ಬಹುಪಾಲು ದುಬಾರಿ ಹಿಟ್ಟು. ಅನ್ನಕ್ಕೆ ಚಿಟಿಕೆ ಪುಡಿ ಕಲಸಿ ಕೊಡುವುದು ಸಮಾಧಾನಕ್ಕೆ ಸರಿ.

ಆ ಸಮಾಧಾನವನ್ನು ಹಗುರವಾಗಿ ಕಾಣಲಾರೆ. ಕೈಕಟ್ಟಿ ಕೂರುವುದಕ್ಕಿಂತ ಏನಾದರೂ ಮಾಡುತ್ತಿದ್ದೇವೆ ಎನ್ನುವುದು ಮನೆಮಂದಿಗೆ ಬೇಕು. ಆದರೆ ಆ ಸಮಾಧಾನವೇ ಕಣ್ಣನ್ನೂ ಮೋಸಗೊಳಿಸುತ್ತದೆ. ಕೀಲುನೋವಿನಿಂದ ಕುಂಟುವ ನಾಯಿಗಳಿಗೆ ಹುಸಿ ಔಷಧ ಕೊಟ್ಟು ನೋಡಿದ, 2012ರಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕಾಲೂರುವ ಬಲವನ್ನು ಅಳೆಯುವ ಯಂತ್ರ ಏನೂ ಸುಧಾರಿಸಿಲ್ಲ ಎಂದಾಗಲೂ ಸುಮಾರು ಶೇ 40ರಷ್ಟು ಸಲ ಮಾಲೀಕರು ‘ಈಗ ಪರವಾಗಿಲ್ಲ’ ಎಂದರು. ಪಶುವೈದ್ಯರ ಅಂದಾಜು ತಪ್ಪಿದ್ದೂ ಹೆಚ್ಚುಕಡಿಮೆ ಅಷ್ಟೇ ಸಲ. ‘ಪುಡಿ ಶುರುಮಾಡಿದ ಮೇಲೆ ಚುರುಕಾಗಿದ್ದಾನೆ’ ಎಂಬ ಮಾತನ್ನು ಈ ಬೆಳಕಿನಲ್ಲಿ ಕೇಳಬೇಕು.

ಮಬೇಲಾದಂಥ ಊರಿನಲ್ಲಿ ಇದಕ್ಕಿಂತ ದೊಡ್ಡ ತಪ್ಪು ಆಗುವುದು ಮೊದಲ ದಿನವೇ. ಜೂನ್ ತಿಂಗಳು, 45 ಡಿಗ್ರಿ. ನಾಯಿ ನಿಂತಲ್ಲೇ ಕುಸಿಯುತ್ತದೆ. ಬಿಸಿಲಿನ ಹೊಡೆತ ಎಂದುಕೊಂಡು ನೀರು ಚಿಮುಕಿಸಿ ಎ.ಸಿ. ಕೋಣೆಗೆ ಎತ್ತಿ ತರುತ್ತಾರೆ. ಸ್ವಲ್ಪ ಹೊತ್ತಿಗೆ ಅದು ಎದ್ದು ಬಾಲ ಅಲ್ಲಾಡಿಸಿದರೆ ಎಲ್ಲರಿಗೂ ನಿರಾಳ. ಗುಲ್ಮದ ಗಡ್ಡೆ ಸಣ್ಣದಾಗಿ ಒಡೆದು ರಕ್ತ ಜಿನುಗಿ ನಿಂತಾಗಲೂ ನಾಯಿ ಹೀಗೆಯೇ ಬಿದ್ದು ಹೀಗೆಯೇ ಏಳುತ್ತದೆ. ತುಟಿ ಎತ್ತಿ ಒಸಡು ನೋಡಿ. ಬಿಸಿಲಿನ ಹೊಡೆತದಲ್ಲಿ ಅದು ಸಾಮಾನ್ಯವಾಗಿ ಇಟ್ಟಿಗೆಯಂತೆ ಕೆಂಪೇರಿರುತ್ತದೆ, ಒಳಗೆ ರಕ್ತ ಸುರಿಯುತ್ತಿದ್ದರೆ ಬಿಳುಚಿರುತ್ತದೆ. ಎರಡರಲ್ಲಿ ಯಾವುದಾದರೂ ಕ್ಲಿನಿಕ್ಕಿಗೆ ಓಡಲೇಬೇಕು. ಬಿಳುಚಿದ್ದರೆ ಹೊಟ್ಟೆಯ ಅಲ್ಟ್ರಾಸೌಂಡ್ ಆಗದೆ ಮನೆಗೆ ಮರಳಬೇಡಿ. ಗುಲ್ಮದ ಪ್ರತಿ ಗಡ್ಡೆಯೂ ಕ್ಯಾನ್ಸರ್ ಅಲ್ಲ. ಸಾದಾ ಗಂಟಾಗಿದ್ದರೆ ಶಸ್ತ್ರಚಿಕಿತ್ಸೆಯಲ್ಲೇ ಮುಗಿದುಹೋಗುವ ಕಾಯಿಲೆಗೆ ತಿಂಗಳುಗಟ್ಟಲೆ ಪುಡಿ ತಿನ್ನಿಸುವವರೂ ಇದ್ದಾರೆ.

ಕ್ಯಾನ್ಸರ್ ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ತುಂಬುವುದೇ ಈ ವ್ಯಾಪಾರದ ಬಂಡವಾಳ. ನಮ್ಮ ಊರಿನ ಬೀದಿನಾಯಿಗಳಲ್ಲಿ ಹೆಚ್ಚಾಗಿ ಕಾಣುವ, ಕೂಡುವಾಗ ಒಂದರಿಂದ ಇನ್ನೊಂದಕ್ಕೆ ಹರಡುವ ಜನನಾಂಗದ ಗಡ್ಡೆಯನ್ನು ನೋಡಿ. ರಕ್ತ ಸೋರುವ ಹೂಕೋಸಿನಂಥ ಆ ಗಡ್ಡೆ ಕಂಡು ಜನ ಆಸೆ ಬಿಡುತ್ತಾರೆ. ವಾರಕ್ಕೊಂದರಂತೆ ಕೆಲವು ವಿಂಕ್ರಿಸ್ಟಿನ್ ಇಂಜೆಕ್ಷನ್ ಕೊಟ್ಟರೆ ಬಹುತೇಕ ನಾಯಿಗಳಲ್ಲಿ ಅದು ಕರಗಿಯೇ ಹೋಗುತ್ತದೆ. ಔಷಧವೂ ದುಬಾರಿಯಲ್ಲ. ‘ಪ್ರಕೃತಿಯ ಮದ್ದು’ ಬೇಕೆನ್ನುವವರಿಗೆ ಇದಕ್ಕಿಂತ ಪ್ರಕೃತಿಯದ್ದು ಯಾವುದು ಬೇಕು? ವಿಂಕ್ರಿಸ್ಟಿನ್ ಬರುವುದು ನಮ್ಮ ಅಂಗಳದ ನಿತ್ಯಪುಷ್ಪದಿಂದ. ಹಾಗೆಂದು ಯಾರೂ ಅದರ ಎಲೆ ಅರೆದು ನಾಯಿಗೆ ಕುಡಿಸುವುದಿಲ್ಲ, ಕುಡಿಸಲೂಬಾರದು, ಗಿಡ ವಿಷ. ರಾಶಿ ರಾಶಿ ಎಲೆಯಿಂದ ಚೂರೇ ಚೂರು ಔಷಧ ತೆಗೆದು, ಅಳತೆ ಗೊತ್ತುಮಾಡಿ, ಪರೀಕ್ಷಿಸಿ, 1960ರ ದಶಕದಲ್ಲಿ ಅದನ್ನು ಬಳಕೆಗೆ ತಂದರು. ಟರ್ಕಿ ಟೈಲ್ ಕೂಡ ಅದೇ ಪರೀಕ್ಷೆಗೆ ಕೂತಿತು. ನಾಯಿಯ ಈ ಒಂದು ಕ್ಯಾನ್ಸರಿನ ಮಟ್ಟಿಗೆ ಫೇಲಾಯಿತು. ಬೇರೆ ಗಡ್ಡೆಗಳ ವಿಷಯದಲ್ಲಿ ಪಾಸಾದೆ ಎಂದು ಹೇಳಿಕೊಳ್ಳಲು ಅದರ ಬಳಿ ಅಷ್ಟು ದೊಡ್ಡ ಪರೀಕ್ಷೆಯೂ ಇಲ್ಲ.

ಇಲ್ಲಿ ಪಶುವೈದ್ಯರ ಹೊಣೆಯೂ ಇದೆ. ರೋಗ ಗುರುತಿಸುವ ಮೇಜಿನ ಪಕ್ಕದ ಕಪಾಟಿನಲ್ಲೇ ಪುಡಿಯ ಡಬ್ಬಿ ಇಟ್ಟರೆ, ಗಾಬರಿಯಲ್ಲಿರುವ ಮಾಲೀಕರು ಅದನ್ನು ಚೀಟಿಯಲ್ಲಿ ಬರೆದ ಔಷಧವೆಂದೇ ತಿಳಿಯುತ್ತಾರೆ. ಇಡುವುದಾದರೆ 2022ರ ಫಲಿತಾಂಶವನ್ನೂ ಬಾಯಿಬಿಟ್ಟು ಹೇಳಿ ಇಡಲಿ. ಮಾಲೀಕರು ಪುಡಿ ಕೊಡುತ್ತಿದ್ದರೆ ಅದನ್ನು ವೈದ್ಯರಿಂದ ಮುಚ್ಚಿಡುವುದು ಬೇಡ, ಬೈಸಿಕೊಂಡರೂ ಪರವಾಗಿಲ್ಲ. ನೋವು ಕಂಡಾಗ ಮನೆಯಲ್ಲಿರುವ ಪನಡಾಲ್, ಬ್ರೂಫೆನ್ ಮಾತ್ರೆಗೆ ಕೈ ಹಾಕುವುದಂತೂ ಬೇಡವೇ ಬೇಡ. ಬ್ರೂಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ನಾಯಿಗೆಂದೇ ಇರುವ ನೋವುನಿವಾರಕವನ್ನು ವೈದ್ಯರಿಂದ ಬರೆಸಿಕೊಳ್ಳಬಹುದು. ಉಳಿದಿರುವುದು ಎರಡೇ ತಿಂಗಳಾದರೂ ಆ ಎರಡು ತಿಂಗಳು ನಾಯಿ ಹೇಗಿರುತ್ತದೆ ಎಂಬುದು ಡಬ್ಬಿಗಿಂತ ಹೆಚ್ಚಾಗಿ ಆ ಚೀಟಿಯ ಮೇಲೆ ನಿಂತಿದೆ.