ಗರಸಿನ ದಾರಿಗೆ ಮೈಗೊಪ್ಪುವ ಸೈಕಲ್

ಮಾಘಮಾಸದಲ್ಲಿ ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಹೋಗುವುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಪಾದಯಾತ್ರೆ ಮಾಡುವವರೂ ಅನೇಕರು. ಈಚಿನ ವರ್ಷಗಳಲ್ಲಿ ಅವರ ನಡುವೆ ಅಲ್ಲಲ್ಲಿ ಸೈಕಲ್ ಸವಾರರೂ ಕಾಣಿಸಿಕೊಳ್ಳುತ್ತಾರೆ. ಎರಡು ವರ್ಷಗಳ ಹಿಂದೆ ನಾನೂ ಐದಾರು ತರುಣರೊಡನೆ ಧಾರವಾಡದಿಂದ ಹೊರಟು, ಹಳಿಯಾಳ, ದಾಂಡೇಲಿಗಳನ್ನು ದಾಟಿ ಉಳವಿಯನ್ನು ಸೇರಿದೆ. ವಾಹನಗಳ ಗದ್ದಲ ಬೇಡವೆಂದು ಸಾಧ್ಯವಾದಲ್ಲೆಲ್ಲ ಒಳದಾರಿಗಳನ್ನೇ ಹಿಡಿದಿದ್ದೆವು; ಕೆಲವೆಡೆ ಕೆಂಪು ಗರಸು, ಕೆಲವೆಡೆ ಡಾಂಬರು ಕಿತ್ತು ಮೇಲೆದ್ದ ಜಲ್ಲಿ. ಮರುದಿನ ಬೆಳಗಿನ ಜಾವ ಸ್ನಾನ ಮುಗಿಸಿ ಪೂಜೆಗೆ ಕುಳಿತು ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇರಿಸಿಕೊಂಡಾಗ ನನಗೆ ದಿಗಿಲಾಯಿತು. ಕಿರುಬೆರಳಿಗೂ ಉಂಗುರಬೆರಳಿಗೂ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಅಂಗೈ ನಡುಗುತ್ತಿತ್ತು. ಬಲಗೈಯ ಆಸರೆ ಕೊಟ್ಟು ಪೂಜೆಯನ್ನು ಹೇಗೋ ಪೂರೈಸಿದೆ.

ಜೊತೆಗಿದ್ದ ಹಿರಿಯರೊಬ್ಬರು ಸಮಾಧಾನ ಹೇಳಿದರು: “ಯಾತ್ರಾ ಅಂದಮ್ಯಾಲ ಮೈಗೆ ತ್ರಾಸು ಇದ್ದದ್ದ ಬಿಡ್ರಿ ಸರ. ನೋವು ಉಂಡ್ರನ ಪುಣ್ಯ.” ಅಂದು ನಾನು ಮಾತಾಡಲಿಲ್ಲ. ಆದರೆ ಬೆರಳಿನ ಜೋಮು ಪೂರ್ತಿ ಬಿಡಲು ಮೂರು ವಾರಗಳು ಹಿಡಿದಾಗ ಆ ಮಾತನ್ನು ಒಪ್ಪಲಾಗದೆಂದು ಖಚಿತವಾಯಿತು. ಅಂಗವನ್ನು ಲಿಂಗಕ್ಕೆ ನೆಲೆಯೆಂದು ಭಾವಿಸಿದ ಶರಣರು ದೇಹದಂಡನೆಯನ್ನು ಭಕ್ತಿಯೆಂದು ಬಗೆದವರಲ್ಲ. ಶರೀರವನ್ನು ‘ಪ್ರಸಾದಕಾಯ’ವೆಂದು ಕರೆದ ಪರಂಪರೆ ನಮ್ಮದು. ದಣಿವು ಬೇರೆ, ಪೆಟ್ಟು ಬೇರೆ. ದುಡಿದ ಮೈಗೆ ಬರುವ ದಣಿವು ಒಂದು ರಾತ್ರಿಯ ನಿದ್ರೆಯಿಂದ ಕಳೆಯುತ್ತದೆ, ಮೈಯನ್ನು ಗಟ್ಟಿಗೊಳಿಸಿ ಹೋಗುತ್ತದೆ. ನರಕ್ಕೆ, ಕೀಲಿಗೆ ಬಿದ್ದ ಪೆಟ್ಟು ಉಳಿಯುತ್ತದೆ, ಮುಂದಿನ ಸವಾರಿಯಲ್ಲಿ ಮತ್ತೆ ತಲೆಯೆತ್ತುತ್ತದೆ. ನಾಲ್ಕು ದಿನ ಉತ್ಸಾಹದಿಂದ ಸೈಕಲ್ ತುಳಿದು ಐದನೆಯ ದಿನ ಅದನ್ನು ಗೋಡೆಗೆ ಒರಗಿಸುವವರ ಬಹುಪಾಲು ಸೋಮಾರಿಗಳಲ್ಲ, ನೋವುಂಡವರು. ಅವರ ನೋವಿಗೆ ಮದ್ದು ಬಹಳ ಸಲ ಔಷಧದ ಅಂಗಡಿಯಲ್ಲಿ ಸಿಗುವುದಿಲ್ಲ, ಸೈಕಲ್ ರಿಪೇರಿ ಮಾಡುವವರ ಪಾನಾದಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ನನಗಾದದ್ದೇನೆಂಬುದನ್ನು ವೈದ್ಯರು ವಿವರಿಸಿದರು. ಅಲ್ನಾರ್ ಎಂಬ ನರವು ಮೊಣಕೈಯಿಂದ ಇಳಿದು ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಗೆ, ಇಕ್ಕಟ್ಟಾದ ಹಾದಿಯೊಂದರ ಮೂಲಕ ಹಾದುಹೋಗುತ್ತದೆ. ಹ್ಯಾಂಡಲ್ ಮೇಲೆ ಮೈಭಾರವನ್ನೆಲ್ಲ ಹಾಕಿ ಗಂಟೆಗಟ್ಟಲೆ ಕುಳಿತಾಗ ಆ ನರ ಅದುಮಿಹೋಗುತ್ತದೆ. ಅದರ ಮೇಲೆ ಜಲ್ಲಿರಸ್ತೆಯ ಎಡೆಬಿಡದ ನಡುಕವೂ ಸೇರಿದರೆ ಜೋಮು, ಬಲಹೀನತೆ ಕಾಣಿಸಿಕೊಳ್ಳುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದರೆ ಅದು ಮಣಿಕಟ್ಟಿನ ನಡುವೆ ಸಾಗುವ ಮತ್ತೊಂದು ನರದ ದೂರು. ಸೈಕಲ್ಲಿಗೂ ನಮ್ಮ ಮೈಗೂ ಮೂರು ಕಡೆ ಮಾತ್ರ ಸಂಪರ್ಕ: ಕೈ, ಆಸನ, ಪಾದ. ದಾರಿಯ ಪ್ರತಿಯೊಂದು ಕಲ್ಲೂ ಈ ಮೂರು ಬಾಗಿಲುಗಳಿಂದಲೇ ಒಳಗೆ ಬರಬೇಕು. ಆ ಕಲ್ಲನ್ನು ಮೊದಲು ಎದುರುಗೊಳ್ಳುವುದು ಟೈರು.

ಟೈರಿನ ಮಾತಿಗೆ ಬಂದಾಗ ಉಳವಿಯಲ್ಲಿ ಕಂಡ ಒಬ್ಬ ರೈತರ ನೆನಪಾಗುತ್ತದೆ. ಎತ್ತುಗಳಿಗೆ ಮೇವು ಹಾಕುತ್ತಿದ್ದ ಅವರು ನನ್ನ ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಗಾಲಿ ಕಲ್ಲಾಗೇತ್ರಿ. ನಾವು ಚಕ್ಕಡ್ಯಾಗ ಹುಲ್ಲು ಹಾಸದ ಕುಂದ್ರಂಗಿಲ್ಲ” ಎಂದರು. ಅವರ ರೋಗನಿದಾನ ಸರಿಯಾಗಿತ್ತು. ನನ್ನ ಟೈರು 28 ಮಿಲಿಮೀಟರ್ ಅಗಲದ್ದು. ಅಂಗಡಿಯವರು ಅದರ ಮೇಲೆ ಮುದ್ರಿಸಿದ ಗರಿಷ್ಠ ಮಿತಿಯವರೆಗೂ ಗಾಳಿ ತುಂಬಿಕೊಟ್ಟಿದ್ದರು. ನಾನೂ ಗಟ್ಟಿಯಾದಷ್ಟೂ ಒಳ್ಳೆಯದೆಂದು ನಂಬಿದ್ದೆ.

ಗಾಳಿ ತುಂಬಿದ ಟೈರು ಹುಟ್ಟಿದ್ದೇ ಸವಾರಿ ಹಿತವಾಗಲೆಂದು. 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್ಲಪ್ ಬೆಲ್‌ಫಾಸ್ಟ್ ನಗರದಲ್ಲಿದ್ದ ಪಶುವೈದ್ಯ. ಗಟ್ಟಿ ಗಾಲಿಯ ಮೂರುಚಕ್ರದ ಸೈಕಲ್ ಮೇಲೆ ಕುಲುಕುತ್ತಿದ್ದ ತನ್ನ ಪುಟ್ಟ ಮಗನಿಗಾಗಿ ಅವನು ಮೊದಲ ಪ್ರಯೋಗ ಮಾಡಿದ. ಅಂಥ ಟೈರನ್ನು ಕಲ್ಲಿನಂತೆ ಬಿಗಿಗೊಳಿಸುವುದೆಂದರೆ ಅದರ ಉದ್ದೇಶವನ್ನೇ ಮರೆತಂತೆ. ಬಿಗಿಯಾದ ಟೈರು ನುಣುಪಾದ ರಸ್ತೆಯಲ್ಲಿ ಸಲೀಸಾಗಿ ಓಡುತ್ತದೆ, ನಿಜ. ಗರಸಿನಲ್ಲಿ ಮಾತ್ರ ಅದು ಪ್ರತಿ ಕಲ್ಲಿನ ಮೇಲೂ ಸವಾರನನ್ನು ಸೈಕಲ್ ಸಮೇತ ಎತ್ತಿಹಾಕುತ್ತದೆ. ಹಾಗೆ ಎತ್ತಿಹಾಕಲು ವ್ಯಯವಾಗುವ ಶಕ್ತಿ ನಮ್ಮ ಕಾಲುಗಳದ್ದೇ. ಅದು ಮುಂದಕ್ಕೆ ಸಾಗುವ ಬದಲು ಮೈಯ ಸ್ನಾಯುಗಳನ್ನು ಕುಲುಕುವುದರಲ್ಲಿ ಸೋರಿಹೋಗುತ್ತದೆ. ಅಗಲವಾದ, ತುಸು ಮೆತ್ತಗಿನ ಟೈರು ಕಲ್ಲನ್ನು ತನ್ನೊಳಗೆ ಒತ್ತಿಸಿಕೊಂಡು ದಾಟುತ್ತದೆ. ಆದ್ದರಿಂದ ಒರಟು ದಾರಿಯಲ್ಲಿ ಹಿತವೂ ವೇಗವೂ ಒಂದಕ್ಕೊಂದು ಶತ್ರುಗಳಲ್ಲ.

ಇಂದು ಪಟ್ಟಣಗಳಲ್ಲಿ ಜಲ್ಲಿರಸ್ತೆಗೆಂದೇ ದುಬಾರಿ ಬೆಲೆಗೆ ಮಾರುವ ‘ಗ್ರಾವೆಲ್’ ಸೈಕಲ್ಲುಗಳ ಟೈರು ಸಾಮಾನ್ಯವಾಗಿ 40 ಮಿಲಿಮೀಟರ್ ಆಸುಪಾಸಿನದು. ಅಂಚೆಯವರೂ ಹಾಲಿನವರೂ ಬಳಸಿದ ನಮ್ಮ ಹಳೆಯ ಕರಿಯ ಸೈಕಲ್ಲಿನ 28 × 1½ ಅಂಗುಲದ ಟೈರೂ ಹೆಚ್ಚುಕಡಿಮೆ ಅಷ್ಟೇ ಅಗಲದ್ದು! ಅದರ ಎತ್ತರದ ಹ್ಯಾಂಡಲ್, ಸ್ಪ್ರಿಂಗಿನ ಸೀಟು ಎಲ್ಲವೂ ಹಳ್ಳಿಯ ದಾರಿಗೆ ಒಪ್ಪುವಂಥವು. ತೂಕ ಹೆಚ್ಚು, ಗೇರಿಲ್ಲ ಎಂಬುದು ಅದರ ಕೊರತೆ. ವಿವೇಕದ ಕೊರತೆಯಂತೂ ಅದರಲ್ಲಿರಲಿಲ್ಲ. ಹೊಸ ಸೈಕಲ್ ಕೊಳ್ಳುವವರು ಬಣ್ಣ ಮತ್ತು ಗೇರುಗಳ ಎಣಿಕೆಗಿಂತ ಮೊದಲು ಎಷ್ಟು ಅಗಲದ ಟೈರು ಅದರಲ್ಲಿ ಕೂರುತ್ತದೆಂದು ಕೇಳಬೇಕು. ಇದ್ದ ಸೈಕಲ್ಲಿಗೆ ಅಗಲ ಟೈರು ಹಾಕಿಸುವುದಾದರೆ, ಚೌಕಟ್ಟಿಗೂ ಟೈರಿಗೂ ನಡುವೆ ಎರಡೂ ಬದಿಗೆ ಐದಾರು ಮಿಲಿಮೀಟರ್ ತೆರವು ಉಳಿಯುವಂತೆ ನೋಡಿಕೊಳ್ಳಬೇಕು.

ಗಾಳಿ ಎಷ್ಟಿರಬೇಕು? 65ರಿಂದ 70 ಕಿಲೋ ತೂಕದ ಸವಾರನಿಗೆ 40 ಮಿಲಿಮೀಟರ್ ಅಗಲದ ಟ್ಯೂಬ್ ಟೈರಿನಲ್ಲಿ ಮುಂದಿನದಕ್ಕೆ 35, ಹಿಂದಿನದಕ್ಕೆ 40 ಪಿಎಸ್‌ಐ ಒಳ್ಳೆಯ ಆರಂಭ. ಮೈತೂಕ ಅಥವಾ ಹೊರೆ ಹೆಚ್ಚಿದ್ದರೆ ತುಸು ಏರಿಸಬೇಕು, ಕಡಿಮೆಯಿದ್ದರೆ ಇಳಿಸಬಹುದು. ಟೈರಿನ ಮೇಲೆ ಮುದ್ರಿಸಿದ ಮಿತಿಗಳನ್ನು ಮೀರಬಾರದು. ತೀರ ಇಳಿಸಿದರೆ ಕಲ್ಲಿಗೆ ಬಡಿದಾಗ ರಿಮ್ಮಿನ ಅಂಚುಗಳು ಟ್ಯೂಬನ್ನು ಕಚ್ಚಿ ಅಕ್ಕಪಕ್ಕದಲ್ಲಿ ಎರಡು ತೂತು ಮಾಡುತ್ತವೆ. ಅಂಥ ಜೋಡಿ ತೂತು ಕಂಡರೆ ಗಾಳಿ ಕಡಿಮೆಯಾಯಿತೆಂದು ತಿಳಿಯಬೇಕು.

ಎರಡನೆಯದು ಆಸನ. ನಮ್ಮಲ್ಲಿ ಬಹುಜನರು ಎರಡೂ ಕಾಲು ನೆಲಕ್ಕೆ ಪೂರ್ತಿ ಊರುವಂತೆ ಸೀಟನ್ನು ಇಳಿಸಿಕೊಂಡಿರುತ್ತಾರೆ. ನಿಲ್ಲುವಾಗ ಅದು ಧೈರ್ಯ ಕೊಡುತ್ತದೆ. ತುಳಿಯುವಾಗ ಮೊಣಕಾಲು ಅತಿಯಾಗಿ ಮಡಚಿ ಮಂಡಿಚಿಪ್ಪಿನ ಹಿಂದೆ ಒತ್ತಡ ಏರುತ್ತದೆ. ಸರಳವಾದ ಪರೀಕ್ಷೆಯಿದು: ಸೀಟಿನಲ್ಲಿ ಕುಳಿತು, ಕೆಳಗಿಳಿದ ಪೆಡಲಿನ ಮೇಲೆ ಹಿಮ್ಮಡಿಯನ್ನಿಡಿ, ಕಾಲು ನೇರವಾಗಬೇಕು, ಸೊಂಟ ಮಾತ್ರ ಓರೆಯಾಗಕೂಡದು. ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲಿಗೆ ಬೇಕಾದಷ್ಟು ಬಾಗು ಆಗ ತಾನಾಗಿ ಉಳಿಯುತ್ತದೆ. ಅಳತೆಯೇ ಬೇಕೆನ್ನುವವರಿಗೆ 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಎಂಬ ಇಂಗ್ಲೆಂಡಿನ ಸಂಶೋಧಕರು ಸೂಚಿಸಿದ ಲೆಕ್ಕವಿದೆ. ಬರಿಗಾಲಲ್ಲಿ ನಿಂತು ತೊಡೆಸಂಧಿಯಿಂದ ನೆಲದವರೆಗಿನ ಉದ್ದವನ್ನು ಅಳೆದು 1.09ರಿಂದ ಗುಣಿಸಿದರೆ, ಕೆಳಗಿಳಿದ ಪೆಡಲಿನಿಂದ ಸೀಟಿನ ಮೇಲ್ಮೈವರೆಗಿನ ದೂರ ಸಿಗುತ್ತದೆ. 80 ಸೆಂಟಿಮೀಟರ್ ಉದ್ದವಿದ್ದವರಿಗೆ ಅದು ಸುಮಾರು 87. ಇದು ನುಣುಪು ರಸ್ತೆಯ ಲೆಕ್ಕ. ಗರಸಿನಲ್ಲಿ ಆಗಾಗ ಎದ್ದು ನಿಲ್ಲಬೇಕಾದ್ದರಿಂದ ಅರ್ಧ ಸೆಂಟಿಮೀಟರ್ ತಗ್ಗಿಸುವುದು ಲೇಸು. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿರಬಹುದು. ಹಿಂಭಾಗ ಎಳೆಯುತ್ತಿದ್ದರೆ ಎತ್ತರವಾಗಿರಬಹುದು.

ಸೀಟು ಮೆತ್ತಗಿದ್ದಷ್ಟೂ ಸುಖವೆಂಬುದು ದೊಡ್ಡ ಭ್ರಮೆ. ಕುಳಿತಾಗ ನಮ್ಮ ಭಾರವನ್ನು ಹೊರಬೇಕಾದವು ಕಟಿಯ ಕೆಳಗಿನ ಎರಡು ಮೂಳೆಗಳು. ದಪ್ಪ ಜೆಲ್ ಸೀಟಿನಲ್ಲಿ ಅವು ಹುದುಗಿಹೋಗಿ, ನಡುವಿನ ಮೃದುಭಾಗ ಮೇಲೊತ್ತಲ್ಪಡುತ್ತದೆ. ಅಲ್ಲಿಯೇ ಸೂಕ್ಷ್ಮವಾದ ನರಗಳೂ ರಕ್ತನಾಳಗಳೂ ಇವೆ. ಅರ್ಧ ಗಂಟೆಗೆ ಹಿತವೆನಿಸಿದ ಸೀಟು ಮೂರನೆಯ ಗಂಟೆಗೆ ಶತ್ರುವಾಗುವುದು ಹೀಗೆ. ಆ ಎರಡು ಮೂಳೆಗಳಿಗೆ ಆಸರೆಯಾಗುವಷ್ಟು ಅಗಲವಾದ, ಹದವಾಗಿ ಗಟ್ಟಿಯಿರುವ ಸೀಟು ಬೇಕು. ಸ್ತ್ರೀಯರಲ್ಲಿ ಈ ಮೂಳೆಗಳ ಅಂತರ ಸಾಮಾನ್ಯವಾಗಿ ಹೆಚ್ಚಾದ್ದರಿಂದ ಮನೆಯ ಗಂಡಸರ ಸೀಟು ಅವರಿಗೆ ಒಪ್ಪದಿರಬಹುದು. ಸಂಕೋಚದಿಂದ ಅವರು ಹೇಳದೆ ಉಳಿಯುವುದೂ ಉಂಟು. ಸೀಟು ಸಮತಲವಾಗಿರಲಿ. ನನ್ನ ಸೀಟಿನ ಮೂತಿ ಕೆಳಗೆ ಬಾಗಿತ್ತು. ಮೈ ಮುಂದಕ್ಕೆ ಜಾರುತ್ತಿತ್ತು, ಆ ಭಾರವನ್ನೆಲ್ಲ ಅಂಗೈಗಳು ತಡೆಯುತ್ತಿದ್ದವು.

ಮೂರನೆಯದು ಹ್ಯಾಂಡಲ್. ದೀರ್ಘವಾದ ಒರಟು ದಾರಿಗೆ ಅದು ಸೀಟಿನ ಮಟ್ಟದಲ್ಲಿ ಅಥವಾ ತುಸು ಮೇಲಿರುವುದು ಕ್ಷೇಮ. ಕೈಚಾಚಿ ಹಿಡಿದಾಗ ಮೊಣಕೈ ಕೊಂಚ ಬಾಗಿರಬೇಕು. ಬಿಗಿದ ತೋಳು ನಡುಕವನ್ನು ಸೀದಾ ಹೆಗಲಿಗೂ ಕತ್ತಿಗೂ ಸಾಗಿಸುತ್ತದೆ. ದಪ್ಪ ಹಿಡಿಕೆ, ಅಂಗೈಗೆ ಮೆತ್ತೆಯಿರುವ ಕೈಗವಸು ಉಪಕಾರಿ. ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸುವುದು ಅವುಗಳಿಗಿಂತಲೂ ಉಪಕಾರಿ. ತಗ್ಗುದಿಣ್ಣೆ ಎದುರಾದಾಗ ಪೆಡಲುಗಳನ್ನು ಸಮನಾಗಿಸಿ, ಸೀಟಿನಿಂದ ತುಸು ಮೇಲೆದ್ದು, ಮೊಣಕಾಲು ಮೊಣಕೈಗಳನ್ನು ಸಡಿಲ ಬಿಡಬೇಕು. ದೇವರು ಕೊಟ್ಟ ಈ ನಾಲ್ಕು ಕೀಲುಗಳ ಮುಂದೆ ಅಗ್ಗದ ಸೈಕಲ್ಲುಗಳಲ್ಲಿ ಮೆರೆಯುವ ಸ್ಪ್ರಿಂಗಿನ ಮುಂಗವಲು ಏನೂ ಅಲ್ಲ. ಅದು ತೂಕ ಹೆಚ್ಚಿಸುತ್ತದೆ, ಏರಿನಲ್ಲಿ ಎದ್ದು ತುಳಿದಾಗ ಶಕ್ತಿಯನ್ನು ನುಂಗುತ್ತದೆ, ಜಲ್ಲಿಯ ಸಣ್ಣ ನಡುಕವನ್ನು ಅಷ್ಟಾಗಿ ತಡೆಯುವುದೂ ಇಲ್ಲ.

ಇವೆಲ್ಲ ಮಾಡಿದ ಮೇಲೂ ಬೆರಳು ಅಥವಾ ತೊಡೆಸಂಧಿಯ ಜೋಮು ಬಿಡದಿದ್ದರೆ, ಹಿಡಿತದ ಬಲ ಕುಗ್ಗಿದರೆ ಸವಾರಿಯನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಜೋಮನ್ನು ಸಹಿಸಿಕೊಳ್ಳುವುದು ಪೌರುಷವಲ್ಲ.

ಕಳೆದ ವರ್ಷ ಅದೇ ಸೈಕಲ್ ಮೇಲೆ ಮತ್ತೆ ಉಳವಿಗೆ ಹೋದೆ. ಟೈರು 38 ಮಿಲಿಮೀಟರಿನದು; ಹ್ಯಾಂಡಲ್ ಎರಡು ಬೆರಳು ಮೇಲೇರಿತ್ತು; ಸೀಟು ಸಮತಲವಾಗಿತ್ತು. ತಗುಲಿದ ವೆಚ್ಚ ಎರಡು ಟೈರು, ಎರಡು ಟ್ಯೂಬುಗಳ ಬೆಲೆ ಮತ್ತು ಅರ್ಧ ದಿನದ ಕೂಲಿ. ಸಂಜೆ ತೊಡೆಗಳು ದಣಿದಿದ್ದವು. ಮರುದಿನದ ಪೂಜೆಯಲ್ಲಿ ಅಂಗೈ ಸ್ಥಿರವಾಗಿತ್ತು.

ಯಾತ್ರೆ ವರ್ಷಕ್ಕೊಮ್ಮೆ, ಶಾಲೆಯ ದಾರಿ ನಿತ್ಯದ್ದು. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾದಾಗ ಹಳ್ಳಿಯ ಹೆಣ್ಣುಮಕ್ಕಳ ಓದಿಗೆ ಅದು ಎಷ್ಟು ದೊಡ್ಡ ಆಸರೆಯಾಯಿತೆಂಬುದನ್ನು ಶಿಕ್ಷಕನಾಗಿ ಕಣ್ಣಾರೆ ಕಂಡಿದ್ದೇನೆ. ಆದರೆ ಹುಡುಗರಿಗೊಂದು, ಹುಡುಗಿಯರಿಗೊಂದು ಮಾದರಿಯಷ್ಟೆ. ಮಕ್ಕಳ ಎತ್ತರ ಹತ್ತು ಬಗೆ. ಬಂದ ಸೈಕಲ್ಲನ್ನು ಬಂದ ಹಾಗೆಯೇ ತುಳಿದು ಮೊಣಕಾಲು ನೋವೆಂದು ಕುಳಿತವರನ್ನು ಕಂಡಾಗ ‘ಅಭ್ಯಾಸವಾದರೆ ಸರಿಹೋಗುತ್ತದೆ’ ಎಂದು ನಾನೂ ಹೇಳಿದ್ದುಂಟು. ಆ ಮಾತಿಗೆ ಇಂದು ನಾಚುತ್ತೇನೆ. ಒಂದು ಪಾನಾ ಹಿಡಿದಿದ್ದರೆ ಸಾಕಿತ್ತು.

ಆದ್ದರಿಂದ ಮಠಗಳ ಶಾಲೆ, ಪ್ರಸಾದನಿಲಯಗಳನ್ನು ನಡೆಸುವವರಲ್ಲಿ ನನ್ನದೊಂದು ವಿನಂತಿ. ವರ್ಷಾರಂಭದಲ್ಲಿ ಒಂದು ದಿನವನ್ನು ಸೈಕಲ್ಲಿನ ಅಳತೆಗೆಂದು ಮೀಸಲಿಡಿ. ಊರಿನ ಸೈಕಲ್ ಕಾಯಕದವರನ್ನು ಗೌರವದಿಂದ ಕರೆಸಿ, ಒಂದೊಂದೇ ಮಗುವನ್ನು ಕೂರಿಸಿ ಸೀಟು, ಹ್ಯಾಂಡಲ್, ಗಾಳಿಗಳನ್ನು ಸರಿಪಡಿಸಲಿ. ಒಂದು ಮಗುವಿಗೆ ಹತ್ತು ನಿಮಿಷ ಹಿಡಿದೀತು. ಅಂಗಿ ಹೊಲಿಸುವಾಗ ಅಳತೆ ಕೊಡುವ ನಾವು ದಿನವೂ ಹತ್ತು ಕಿಲೋಮೀಟರ್ ಹೊತ್ತೊಯ್ಯುವ ವಾಹನಕ್ಕೆ ಅಷ್ಟನ್ನಾದರೂ ಕೊಡಬೇಡವೇ? ಅನ್ನದಾಸೋಹ, ಜ್ಞಾನದಾಸೋಹಗಳ ಪಕ್ಕದಲ್ಲಿ ಈ ಚಿಕ್ಕ ದಾಸೋಹಕ್ಕೂ ಸ್ಥಳವಿರಲಿ.