ವಿಮಾನದ ಮೈಮೇಲಿನ ಬರಹ

ಕೃಷ್ಣದೇವರಾಯನ ಹೆಸರು ಹೊತ್ತ ಜಂಬೋ ವಿಮಾನವೊಂದು ಏರ್ ಇಂಡಿಯಾ ಸಂಸ್ಥೆಯಲ್ಲಿ ಇತ್ತೆಂಬುದು ಕನ್ನಡ ಐಚ್ಛಿಕ ವಿಷಯದ ಇಂದಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. 1971ರಲ್ಲಿ ಆ ಸಂಸ್ಥೆ ತನ್ನ ಮೊದಲ ಬೋಯಿಂಗ್ 747 ವಿಮಾನವನ್ನು ತಂದಾಗ ಅದಕ್ಕೆ ಸಾಮ್ರಾಟ ಅಶೋಕನ ಹೆಸರಿಟ್ಟಿತು. ಅನಂತರ ಬಂದವುಗಳಿಗೂ ಅರಸರ ಹೆಸರುಗಳೇ ಸಂದವು: ರಾಜೇಂದ್ರ ಚೋಳ, ವಿಕ್ರಮಾದಿತ್ಯ, ಅಕ್ಬರ್, ಚಂದ್ರಗುಪ್ತ, ಕನಿಷ್ಕ, ಕೃಷ್ಣದೇವರಾಯ. 1988ರ ಸುಮಾರಿಗೆ ಬಂದ ಎರಡು ವಿಮಾನಗಳಲ್ಲಿ ಒಂದಕ್ಕೆ ಶಿವಾಜಿ, ಇನ್ನೊಂದಕ್ಕೆ ಪಲ್ಲವ ನರಸಿಂಹವರ್ಮ. ಕನ್ನಡ ರಾಜ್ಯ ರಮಾರಮಣನೂ ಮರಾಠಾ ಛತ್ರಪತಿಯೂ ಒಂದೇ ಸಾಲಿನಲ್ಲಿ ನಿಂತ ಆ ಹೆಸರುಪಟ್ಟಿ ಸೊಲ್ಲಾಪುರ, ಅಕ್ಕಲಕೋಟೆಗಳ ವಿದ್ಯಾರ್ಥಿಗೆ ಉಳಿದವರಿಗಿಂತ ಹೆಚ್ಚು ಅರ್ಥವಾಗಬೇಕು. ಎರಡೂ ಹೆಸರುಗಳನ್ನು ಸಹಜವಾಗಿ ಉಚ್ಚರಿಸಬಲ್ಲ ನಾಲಗೆ ಅವನದು.

ಆ ವಿಮಾನಗಳ ಬಣ್ಣಗಾರಿಕೆಯೂ ಗಮನಾರ್ಹವಾಗಿತ್ತು. ಬಿಳಿಯ ಮೈಮೇಲೆ ಪ್ರತಿಯೊಂದು ಕಿಟಕಿಯ ಸುತ್ತಲೂ ರಾಜಸ್ಥಾನದ ಅರಮನೆಯ ಝರೋಕಾದಂತೆ ಕೆಂಪು ಕಮಾನು. ಆಕಾಶದಲ್ಲೊಂದು ಅರಮನೆ ಎಂಬುದು ಸಂಸ್ಥೆಯ ಕಲ್ಪನೆ. ಹೀಗೆ ಹಂಪೆಯ ಅರಸನೂ ತಂಜಾವೂರಿನ ಚೋಳನೂ ರಜಪೂತರ ಕಿಟಕಿಗಳನ್ನೇ ಧರಿಸಬೇಕಾಯಿತು. ನಾಡಿನ ವೈವಿಧ್ಯವನ್ನು ಹೆಸರುಗಳಲ್ಲಿ ಒಪ್ಪಿಕೊಂಡವರು ಚಿತ್ರದಲ್ಲಿ ಒಂದೇ ಪ್ರದೇಶವನ್ನು ಇಡೀ ದೇಶದ ಮುಖವಾಗಿ ನಿಲ್ಲಿಸಿದರು. ಇದು ತಪ್ಪೆಂದು ವಾದಿಸುವುದು ಸುಲಭ. ಆದರೆ ಜನ ಆ ಕಿಟಕಿಗಳನ್ನು ಪ್ರೀತಿಸಿದರೆಂಬುದೂ ಅಷ್ಟೇ ನಿಜ. 1989ರಲ್ಲಿ ಸಂಸ್ಥೆ ಹೊಸ ವಿನ್ಯಾಸವೊಂದನ್ನು ತಂದಿತು. ಮೈಯೆಲ್ಲ ಬಿಳುಪು, ಬಾಲದ ಕೆಂಪಿನ ಮೇಲೆ ಹೊನ್ನಿನ ಸೂರ್ಯ. ಪ್ರಯಾಣಿಕರು ಗೊಣಗಿದರು. ಸುಮಾರು ಎರಡು ವರ್ಷಗಳಲ್ಲಿ ಹಳೆಯ ಝರೋಕಾಗಳೇ ಮರಳಿದವು. 2007ರಲ್ಲಿ ಇಂಡಿಯನ್ ಏರ್‌ಲೈನ್ಸ್ ಜೊತೆ ವಿಲೀನವಾದಾಗಲೂ ಅವು ಉಳಿದವು. 2023ರ ಹೊಸ ವಿನ್ಯಾಸದಲ್ಲಿ ಅವುಗಳ ನೆನಪಾಗಿ ಕಿಟಕಿಯ ಚೌಕಟ್ಟಿನ ಒಂದು ರೂಪ ಮಾತ್ರ ಕಾಣುತ್ತದೆ.

ಲಿಪಿಯ ಸಂಗತಿ ಇನ್ನೂ ಸ್ವಾರಸ್ಯಕರ. ಸಂಸ್ಥೆಯ ಹೆಸರು ವಿಮಾನದ ಒಂದು ಮಗ್ಗುಲಲ್ಲಿ ರೋಮನ್ ಲಿಪಿಯಲ್ಲಿ, ಇನ್ನೊಂದು ಮಗ್ಗುಲಲ್ಲಿ ದೇವನಾಗರಿಯಲ್ಲಿ. ದೇವನಾಗರಿಯ ಬರಹವನ್ನು ನಿಧಾನವಾಗಿ ಓದಿದರೆ ಮೊದಲ ಪದದ ನಡುವೆ ಯಕಾರವಿಲ್ಲ, ಸ್ವರಾಕ್ಷರ ‘ಅ’ ಇದೆ. ಹಿಂದಿಯಲ್ಲಿ ಸಾಮಾನ್ಯವಾಗಿ ‘ಏಯರ್’ ಎಂದು ಬರೆಯುವ ರೂಢಿ. ‘ಏಅರ್’ ಎಂಬುದು ಮರಾಠಿ ಬರವಣಿಗೆಯ ಜಾಡಿಗೆ ಹತ್ತಿರ. ಮುಂಬಯಿಯಲ್ಲಿ ಬೆಳೆದ ಸಂಸ್ಥೆಯ ಕಾಗುಣಿತದಲ್ಲಿ ಆ ಊರಿನ ಸೊಗಡು ಸೇರಿಕೊಂಡಿದ್ದರೆ ಅಚ್ಚರಿಯಿಲ್ಲ. ಸ್ವರದ ಬಳಿ ಸ್ವರ ಬಂದಾಗ ನಡುವೆ ಯಕಾರ ವಕಾರಗಳನ್ನು ತಂದುಕೊಳ್ಳುವ ಕನ್ನಡದ ಆಗಮಸಂಧಿಯನ್ನು ಕಲಿತವನಿಗೆ ಇದು ಕೂಡಲೇ ಕಣ್ಣಿಗೆ ಬೀಳಬೇಕು. ಎರಡು ಭಾಷೆ ಬಲ್ಲವನ ಲಾಭ ಇಂಥ ಸಣ್ಣ ಕಡೆಗಳಲ್ಲಿಯೇ ಕಾಣುವುದು.

ಹೆಸರುಗಳ ಗತಿಯೇನಾಯಿತು? ಅಶೋಕನ ವಿಮಾನ 1978ರ ಜನವರಿ 1ರಂದು ಮುಂಬಯಿಯ ಕಡಲಿಗೆ ಬಿದ್ದು 213 ಜನ ಸತ್ತರು. 1985ರ ಜೂನ್ 23ರಂದು ಕನಿಷ್ಕ ವಿಮಾನದಲ್ಲಿ ಬಾಂಬು ಸಿಡಿದು 329 ಜನ ಅಟ್ಲಾಂಟಿಕ್ ಸಾಗರದ ಪಾಲಾದರು. ಅಂದಿನಿಂದ ಕನಿಷ್ಕ ಎಂದರೆ ಕುಶಾನರ ದೊರೆಯ ಜೊತೆಗೆ ಆ ದುರಂತವೂ ನೆನಪಾಗುತ್ತದೆ. ಅಂಥ ಗತಿ ಕಾಣದೆ ಹಾರಿ ದಣಿದು ನಿವೃತ್ತವಾದ ಕೃಷ್ಣದೇವರಾಯ ವಿಮಾನವನ್ನು ಯಾರೂ ನೆನೆಯುವುದಿಲ್ಲ. ಕ್ಷೇಮವಾಗಿ ಮುಗಿದ ದುಡಿಮೆಗೆ ಚರಿತ್ರೆಯಲ್ಲಿ ಸಾಲುಗಳು ಸಿಕ್ಕುವುದು ಕಡಿಮೆ.

ನಿವೃತ್ತ ವಿಮಾನದ ಅಂತ್ಯವೂ ಹಾಗೆಯೇ ಸದ್ದಿಲ್ಲದ್ದು. 2024ರ ಏಪ್ರಿಲ್ 22ರಂದು ಏರ್ ಇಂಡಿಯಾದ ‘ಆಗ್ರಾ’ ಎಂಬ 747 ಮುಂಬಯಿಯಿಂದ ಕೊನೆಯ ಬಾರಿ ಮೇಲೆದ್ದು, ರೆಕ್ಕೆಗಳನ್ನು ಎಡಕ್ಕೂ ಬಲಕ್ಕೂ ಓಲಾಡಿಸಿ ವಿದಾಯ ಹೇಳಿ ಅಮೆರಿಕದತ್ತ ಹೋಯಿತು. ಅಲ್ಲಿ ಅದಕ್ಕೆ ಕಾದಿದ್ದುದು ಬಿಡಿಭಾಗಗಳ ವಿಂಗಡಣೆ. ಎಂಜಿನ್ನು, ಚಕ್ರ, ಉಪಕರಣಗಳಿಗೆ ಬೆಲೆಯುಂಟು. ಉಳಿದ ಲೋಹ ಗುಜರಿಗೆ. ಬಣ್ಣಕ್ಕೆ ಮಾತ್ರ ಬೆಲೆಯಿಲ್ಲ. ಜಂಬೋ ಒಂದರ ಬಣ್ಣವೇ ಸುಮಾರು 250 ಕಿಲೋ ತೂಗುತ್ತದೆ. ಅಷ್ಟೂ ಭಾರವನ್ನು ಅದು ಬದುಕಿರುವಷ್ಟು ಕಾಲ ಇಂಧನ ಸುಟ್ಟು ಹೊರುತ್ತದೆ. ಕೊನೆಗೆ ಮೊದಲು ಅಳಿಯುವುದೂ ಅದೇ. ವಿಮಾನವು ಬೇರೆಯವರಿಗೆ ಮಾರಾಟವಾದರೆ ಹಳೆಯ ಹೆಸರನ್ನು ಬಿಳಿಯ ಬಣ್ಣದಿಂದ ಮುಚ್ಚುತ್ತಾರೆ.

ಕನ್ನಡ ಅಧ್ಯಯನಕ್ಕೂ ಇದಕ್ಕೂ ಏನು ನಂಟು ಎಂದು ಕೇಳುವವರು ಶಾಸನಗಳನ್ನು ನೆನೆಯಬೇಕು. ಬಿ. ಎಲ್. ರೈಸ್ ಸಾವಿರಾರು ಶಾಸನಗಳನ್ನು ಪಡಿಯಚ್ಚು ತೆಗೆಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಪ್ರಕಟಿಸದಿದ್ದರೆ ಕನ್ನಡ ಸಾಹಿತ್ಯ ಚರಿತ್ರೆಯ ಅನೇಕ ಪುಟಗಳು ಖಾಲಿಯಿರುತ್ತಿದ್ದವು. ಸೊಲ್ಲಾಪುರ ಜಿಲ್ಲೆಯಲ್ಲಿ ಆನಂದ ಕುಂಭಾರರು ಊರೂರು ಅಲೆದು ಓದಿದ ಕಲ್ಲುಗಳಲ್ಲಿ ಕನ್ನಡವೂ ಇದೆ, ಮರಾಠಿಯೂ ಇದೆ. ಭೀಮಾ ಸೀನಾ ನದಿಗಳ ಸಂಗಮದ ಹತ್ತರಸಂಗ ಕೂಡಲದ 1018ರ ಮರಾಠಿ ಬರಹ ಬೆಳಕಿಗೆ ಬಂದದ್ದು ಹಾಗೆ. ಕಲ್ಲು ಸಾವಿರ ವರ್ಷ ಓದುಗನಿಗಾಗಿ ಕಾದೀತು. ವಿಮಾನದ ಮೈಮೇಲಿನ ಬರಹ ಮೂವತ್ತು ವರ್ಷವೂ ಕಾಯಲಾರದು. ಯಾವ ಅರಸನ ಹೆಸರು, ಯಾವ ಲಿಪಿ, ಯಾವ ಮಗ್ಗುಲು ಎಂಬ ಪ್ರಶ್ನೆಗಳು ಎರಡಕ್ಕೂ ಸಮಾನ. ಬರೆಸಿದವರ ಅಧಿಕಾರವೂ ಅಭಿಮಾನವೂ ಎರಡರಲ್ಲಿಯೂ ಅಡಗಿವೆ.

ಬೆಂಗಳೂರಿನಲ್ಲಿ ಹುಟ್ಟಿದ ಏರ್ ಡೆಕ್ಕನ್ ಇದಕ್ಕೆ ಹತ್ತಿರದ ನಿದರ್ಶನ. 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಆರಂಭಿಸಿದ ಆ ಅಗ್ಗದ ವಿಮಾನಸೇವೆಯ ಗುರುತು ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯ. ಮೈಸೂರಿನಲ್ಲಿ ಹುಟ್ಟಿ ಮುಂಬಯಿಯ ಪತ್ರಿಕೆಯಲ್ಲಿ ಬೆಳೆದ ಆ ವ್ಯಂಗ್ಯಚಿತ್ರಕಾರನ ಚೌಕಳಿ ಕೋಟಿನ ಮುದುಕ, ಅರಸರಿಗೆ ಮೀಸಲಾಗಿದ್ದ ಆಕಾಶಕ್ಕೆ ಏರಿದ. ಇಷ್ಟು ಅರ್ಥವತ್ತಾದ ಗುರುತು ಭಾರತದ ಬೇರೆ ಯಾವ ವಿಮಾನಸಂಸ್ಥೆಗೂ ದೊರೆತಿಲ್ಲ. ಆದರೆ ಸಂಸ್ಥೆ ಕಿಂಗ್‌ಫಿಶರ್ ಪಾಲಾಯಿತು. 2008ರಲ್ಲಿ ‘ಕಿಂಗ್‌ಫಿಶರ್ ರೆಡ್’ ಎಂಬ ಹೆಸರು ಬಂದು, ಶ್ರೀಸಾಮಾನ್ಯನಿದ್ದ ಕಡೆ ಮೀಂಚುಳ್ಳಿ ಕುಳಿತಿತು. ಅದೇ ಮೀಂಚುಳ್ಳಿಯ ವಿಮಾನ ಕೆಲಕಾಲ ಸೊಲ್ಲಾಪುರಕ್ಕೂ ಬಂದಿತ್ತು. 2012ರಲ್ಲಿ ಆ ಸಂಸ್ಥೆಯ ಹಾರಾಟವೇ ನಿಂತಿತು.

ಈಗ ವಿಶೇಷ ವಿನ್ಯಾಸಗಳ ಕಾಲ. ಏರ್ ಇಂಡಿಯಾ ಎಕ್ಸ್‌ಪ್ರೆಸ್ 2023ರಿಂದ ತನ್ನ ಹೊಸ ವಿಮಾನಗಳ ಬಾಲದ ಮೇಲೆ ನಾಡಿನ ಜವಳಿಯ ಚಿತ್ತಾರಗಳನ್ನು ಬರೆಸುತ್ತಿದೆ: ಬಾಂಧನಿ, ಅಜರಖ್, ಪಟೋಲಾ, ಕಾಂಜೀವರಂ, ಕಲಂಕಾರಿ. ಸೊಲ್ಲಾಪುರದ ಚಾದರಕ್ಕೂ ಭೌಗೋಳಿಕ ಸೂಚಿಕೆಯ ಮನ್ನಣೆಯಿದೆ. ಅದರ ಚಿತ್ತಾರವೂ ಒಂದು ದಿನ ಬಾಲವೇರಲಿ ಎಂಬ ಬೇಡಿಕೆ ಸಹಜವಾಗಿಯೇ ಹುಟ್ಟೀತು. ಬೇಡಿಕೆ ಒಳ್ಳೆಯದೇ. ಆದರೆ ಚಾದರದಲ್ಲಿ ಚಿತ್ತಾರವು ನೂಲಿನೊಳಗೇ ಇರುತ್ತದೆ. ಅರಿವೆ ಹರಿಯುವ ತನಕ ಅದಕ್ಕೆ ಅಳಿವಿಲ್ಲ. ವಿಮಾನದ ಮೇಲೆ ಅದು ತೆಳುವಾದ ಪದರ ಮಾತ್ರ. ಚಿತ್ತಾರದ ಪಕ್ಕದಲ್ಲಿ ಅದನ್ನು ನೇಯ್ದ ಊರಿನ ಹೆಸರು, ಆ ಊರಿನ ಲಿಪಿಯಲ್ಲಿ ಇರಲಿ ಎಂದು ಕೇಳುವುದು ಇನ್ನೂ ಮೇಲು. ಸೊಲ್ಲಾಪುರದ ವಿಷಯದಲ್ಲಂತೂ ಮಗ್ಗದ ಮುಂದೆ ಕುಳಿತವರ ತೆಲುಗನ್ನೂ ಸೇರಿಸಿ ಮೂರು ಲಿಪಿಗಳಾಗುತ್ತವೆ. ಬಾಲದಲ್ಲಿ ಜಾಗವಿದೆ.

ಹೊಟಗಿ ರಸ್ತೆಯ ವಿಮಾನ ನಿಲ್ದಾಣದ ಸಮೀಪದಲ್ಲಿದ್ದ ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್ 15ರಂದು ಉರುಳಿಸಲಾಯಿತು. 2025ರ ಜೂನ್ 9ರಂದು ಗೋವೆಗೆ ವಿಮಾನಸೇವೆ ಮೊದಲಾಯಿತು. ಇನ್ನು ಮುಂದೆ ವಿದ್ಯಾರ್ಥಿಗಳ ತಲೆಯ ಮೇಲೆಯೇ ಬರಹಗಳು ಹಾರಲಿವೆ. ನೆಲದ ಮೇಲೂ ಕೆಲಸ ಬಹಳವಿದೆ. ಅಕ್ಕಲಕೋಟೆಯ ನಿಲ್ದಾಣಕ್ಕೆ ಬರುವ ಕಲಬುರಗಿಯ ಬಸ್ಸಿನ ಫಲಕದಲ್ಲಿ ಊರಿನ ಹೆಸರು ಕನ್ನಡದಲ್ಲಿ ಹೇಗಿದೆ, ಮರಾಠಿ ಬಸ್ಸಿನಲ್ಲಿ ಹೇಗಿದೆ. ‘ಸೊಲ್ಲಾಪುರ’ದ ಲಕಾರದ ಒತ್ತು ಎಲ್ಲಿ ಉಳಿದಿದೆ, ಎಲ್ಲಿ ಬಿದ್ದುಹೋಗಿದೆ? 2022ರ ನವೆಂಬರಿನಲ್ಲಿ ಗಡಿಯ ಗದ್ದಲವೆದ್ದಾಗ ಬಸ್ಸುಗಳ ಮೈಗೆ ಮಸಿ ಬಳಿದವರು ಬರಹದ ಬಲವನ್ನು ತಮ್ಮ ರೀತಿಯಲ್ಲಿ ಬಲ್ಲವರೇ ಆಗಿದ್ದರು. ಕನ್ನಡ ಐಚ್ಛಿಕದ ವಿದ್ಯಾರ್ಥಿ ಮಸಿಗೆ ಬದಲಾಗಿ ಟಿಪ್ಪಣಿ ಪುಸ್ತಕ ಹಿಡಿಯಬಹುದು: ವಾಹನ ಯಾವುದು, ದಿನಾಂಕವೇನು, ಲಿಪಿ ಯಾವುದು, ಎಡ ಮಗ್ಗುಲಲ್ಲೇನು, ಬಲ ಮಗ್ಗುಲಲ್ಲೇನು. ಮುಂದಿನ ಬಣ್ಣ ಬಳಿಯುವ ಮೊದಲು.